ತಿನ್ನಬಾರದ್ದನ್ನು ಬಳಸಬಹುದೇ? ಯಹೂದಿ ಶಾಸ್ತ್ರದ ಉತ್ತರ

ಯಹೂದಿಯರಿಗೆ ದನ ಮತ್ತು ಆಡು-ಕುರಿಗಳ ಕೊಬ್ಬನ್ನು ಹರಾಂ ಮಾಡಲಾಗಿತ್ತು ಎಂದು ಸೂರಃ ಅಲ್ ಅನ್‌ಆಮ್‌ನ 146ನೇ ವಚನ ತಿಳಿಸುತ್ತದೆ. ಬೆನ್ನಿನ, ಕರುಳಿನ ಮತ್ತು ಮೂಳೆಗೆ ಅಂಟಿದ ಕೊಬ್ಬಿಗೆ ಮಾತ್ರ ವಿನಾಯಿತಿ. ಹಾಗಾದರೆ ಉಳಿದ ಕೊಬ್ಬನ್ನು ಅವರು ಎಸೆಯಬೇಕೇ ಎಂದು ಕೆಲವರು ನಮ್ಮಲ್ಲಿ ಕೇಳುತ್ತಾರೆ.

ಬೇಕಿಲ್ಲ. ಅವರ ಶಾಸ್ತ್ರದಲ್ಲಿ ತಿನ್ನುವುದು ಬೇರೆ, ಪ್ರಯೋಜನ ಪಡೆಯುವುದು ಬೇರೆ. ನಮ್ಮ ಫಿಕ್ಹ್‌ನಲ್ಲಿ ಇಂತಿಫಾ ಎನ್ನುವುದನ್ನು ಅವರು ಹನಾಅ ಎನ್ನುತ್ತಾರೆ. ತಾನಾಗಿ ಸತ್ತ ಅಥವಾ ಮೃಗ ಸೀಳಿದ ಪ್ರಾಣಿಯ ಕೊಬ್ಬನ್ನು ಬೇರೆ ಯಾವ ಕೆಲಸಕ್ಕೂ ಬಳಸಬಹುದು, ತಿನ್ನಬಾರದು ಎಂದು ಅವರ ತೌರಾತ್‌ನ ಯಾಜಕಕಾಂಡ 7ನೇ ಅಧ್ಯಾಯದಲ್ಲಿದೆ. ಸತ್ತ ಪ್ರಾಣಿಯನ್ನು ಪರದೇಶಿಗೆ ಕೊಡಬಹುದು, ಅನ್ಯನಿಗೆ ಮಾರಬಹುದು ಎಂದು ಧರ್ಮೋಪದೇಶಕಾಂಡ 14ರಲ್ಲಿದೆ. ತಲ್ಮೂದ್‌ನ ರಬ್ಬಿ ಅಬ್ಬಾಹು ಇದನ್ನೇ ಹಿಡಿದು ವಾದಿಸಿದರು: ‘ತಿನ್ನಬೇಡಿ’ ಎಂದಲ್ಲೆಲ್ಲ ಪ್ರಯೋಜನವೂ ನಿಷಿದ್ಧವೇ, ಇಲ್ಲದಿದ್ದರೆ ಸತ್ತ ಪ್ರಾಣಿಗೆ ಪ್ರತ್ಯೇಕ ಅನುಮತಿ ಏಕೆ ಬೇಕಿತ್ತು? ಹಿಜ್ಕಿಯಾ ಒಪ್ಪಲಿಲ್ಲ. ಶಬ್ದದ ರೂಪ ನೋಡಿ ಹುಕುಂ ತೆಗೆಯುವ ಈ ಚರ್ಚೆ ಉಸೂಲ್ ಓದಿದವರಿಗೆ ಅಪರಿಚಿತವೆನಿಸದು.

ಇಲ್ಲಿ ನಮ್ಮ ಒಂದು ಹದೀಸ್ ಎದುರಾಗುತ್ತದೆ. ಮಕ್ಕಾ ವಿಜಯದ ವರ್ಷ, ಸತ್ತ ಪ್ರಾಣಿಯ ಕೊಬ್ಬನ್ನು ದೋಣಿಗೆ, ತೊಗಲಿಗೆ ಹಚ್ಚುತ್ತಾರೆ, ದೀಪಕ್ಕೆ ಬಳಸುತ್ತಾರೆ ಎಂದು ಸಹಾಬಿಗಳು ಕೇಳಿದಾಗ ಪ್ರವಾದಿ(ಸ) ಬೇಡ, ಅದು ಹರಾಂ ಎಂದರು. ಯಹೂದಿಯರು ನಿಷಿದ್ಧ ಕೊಬ್ಬನ್ನು ಕರಗಿಸಿ ಮಾರಿ ಅದರ ಹಣ ತಿಂದುದನ್ನು ಖಂಡಿಸಿದರು. ‘ಅದು’ ಎಂದರೆ ಮಾರಾಟವೋ ಬಳಕೆಯೋ ಎಂಬಲ್ಲಿ ನಮ್ಮ ಇಮಾಮರಲ್ಲೇ ಭಿನ್ನಮತವಿದೆ. ಮಾರಾಟ ಮಾತ್ರ ಎಂದು ಇಮಾಂ ಶಾಫಿಈ(ರ) ತಿಳಿದರು. ಬಳಕೆಯೂ ಸಲ್ಲದು ಎನ್ನುವವರೇ ಹೆಚ್ಚು. ಹದೀಸ್ ಖಂಡಿಸುವ ಮಾರಾಟವನ್ನು ಯಹೂದಿ ವಿದ್ವಾಂಸರು ತಮ್ಮ ಗ್ರಂಥದ ಅನುಮತಿಯೆಂದೇ ಓದುತ್ತಾರೆ. ಈ ವ್ಯತ್ಯಾಸವನ್ನು ಮುಚ್ಚಿಡುವ ಅಗತ್ಯ ನಮಗೆ ಕಾಣುವುದಿಲ್ಲ. ಆದರೆ ಅವರ ಶಾಸ್ತ್ರವನ್ನು ತಿಳಿಯದೆ ‘ಕುತಂತ್ರ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ನ್ಯಾಯವಲ್ಲ.

ತೊಡೆಯ ನರವೂ ಅವರಿಗೆ ನಿಷಿದ್ಧ. ಹೀಬ್ರೂವಿನಲ್ಲಿ ಗಿದ್ ಹನ್ನಾಶೆ, ಅರಬಿಯಲ್ಲಿ ಇರ್ಕುನ್ನಸಾ. ಹೆಸರೇ ಒಂದು! ಯಾಕೂಬರ(ಅ) ನೋವಿನ ನೆನಪು ಎರಡೂ ಕಡೆ ಇದೆ. ನಮ್ಮ ಮುಫಸ್ಸಿರರು ಅದನ್ನು ಅವರು ಒಂಟೆ ಮಾಂಸ ಬಿಟ್ಟದ್ದಕ್ಕೆ ಕಾರಣವೆನ್ನುತ್ತಾರೆ. ನರ ಸಹಿತ ಇಡೀ ತೊಡೆಯನ್ನೇ ಅನ್ಯನಿಗೆ ಕಳುಹಿಸಬಹುದು ಎಂದು ಮಿಶ್ನಾದಲ್ಲಿದೆ. ಅಮೆರಿಕ, ಬ್ರಿಟನ್‌ಗಳಲ್ಲಿ ಆ ನರ ಮತ್ತು ಕೊಬ್ಬನ್ನು ಬಿಡಿಸುವುದು ಕಷ್ಟವೆಂದು ಹಿಂಭಾಗದ ಮಾಂಸವನ್ನು ಸಾಮಾನ್ಯ ಮಾರುಕಟ್ಟೆಗೇ ಕೊಟ್ಟುಬಿಡುವುದು ರೂಢಿ.

ಇಷ್ಟು ಸಡಿಲವಿದ್ದವರು ಒಂದು ಕಡೆ ಬಹಳ ಬಿಗಿ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂದು ತೌರಾತ್ ಮೂರು ಬಾರಿ ಹೇಳುತ್ತದೆ. ತಿನ್ನಲು, ಬೇಯಿಸಲು, ಪ್ರಯೋಜನ ಪಡೆಯಲು ಒಂದೊಂದು ನಿಷೇಧ ಎಂದು ರಬ್ಬಿಗಳು ಅರ್ಥ ಮಾಡಿದರು. ಹಾಗಾಗಿ ಹಾಲಿನಲ್ಲಿ ಬೆಂದ ದನ, ಕುರಿಯ ಮಾಂಸವನ್ನು ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಮನೆಯ ನಾಯಿಗೂ ಹಾಕುವಂತಿಲ್ಲ.