ಕಿಸೆಯ ಕ್ಯಾಮರಾ

ನಮ್ಮ ತಂದೆಯವರ ಬಳಿ ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3 ಎಂಬ ಕ್ಯಾಮರಾ ಇತ್ತು. ಸುರುಳಿಯೊಂದಕ್ಕೆ 12 ಚಿತ್ರ. ಬಿಸಿಲಿಗೆ ಒಂದು ಗುರುತು, ಮೋಡಕ್ಕೆ ಇನ್ನೊಂದು. ಅಷ್ಟನ್ನು ನೋಡಿಕೊಂಡು ಗುಂಡಿ ಒತ್ತಿದರೆ ತೀರಿತು. ಆರಿಸುವ ತೊಡಕೆಂಬುದು ಅವರಿಗಿರಲಿಲ್ಲ. ಇಂದು ಕಿಸೆಯಲ್ಲಿಡುವಂಥ ಕ್ಯಾಮರಾ ಕೊಳ್ಳಹೊರಟವನ ಮುಂದೆ ಅಂಕೆಗಳ ಸಂತೆಯೇ ನೆರೆದಿರುತ್ತದೆ. ಆ ಸಂತೆಯಲ್ಲಿ ಒಮ್ಮೆ ಬೇಸ್ತುಬಿದ್ದವನು ನಾನು.

ನನ್ನದು ಕನ್ನಡ ಬೋಧಿಸುವ ವೃತ್ತಿ. ರಜೆ ಬಂದರೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ವೀರಗಲ್ಲು, ಶಾಸನಗಳನ್ನು ಅರಸುತ್ತ ಅಲೆಯುವುದು ವಾಡಿಕೆ. ಬಿ. ಎಲ್. ರೈಸ್ ಅವರು ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿಯೂ ಜಗಳೂರಿನವನ್ನು ಹನ್ನೊಂದನೆಯ ಸಂಪುಟದಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಪ್ರಕಟಿಸಿದರು. ಆದರೂ ಆ ಸಂಪುಟಗಳಲ್ಲಿ ಕಾಣದ ಕಲ್ಲುಗಳು ಅಲ್ಲಲ್ಲಿ ಎದುರಾಗುತ್ತವೆ. ಸುಮಾರು ಹತ್ತು ವರ್ಷಗಳ ಹಿಂದೆ ಚನ್ನಗಿರಿ ತಾಲ್ಲೂಕಿನ ಒಂದು ಕೆರೆಯ ಏರಿಯ ಮಗ್ಗುಲಲ್ಲಿ ಅಂಥದೊಂದು ವೀರಗಲ್ಲು ನನಗೆ ಸಿಕ್ಕಿತು. ಅಡಿಯಲ್ಲಿ ನಾಲ್ಕು ಸಾಲು ಬರಹ. ಪಡಿಯಚ್ಚು ತೆಗೆಯುವ ಸಲಕರಣೆ ಜೊತೆಯಲ್ಲಿರಲಿಲ್ಲ. ಇದ್ದುದು ಆಗತಾನೆ ಕೊಂಡ ಪುಟ್ಟ ಕ್ಯಾಮರಾ. ಇಪ್ಪತ್ತು ಮೆಗಾಪಿಕ್ಸೆಲ್ ಎಂಬ ಅಂಕೆಗೆ ಮರುಳಾಗಿ ಅದನ್ನು ಕೊಂಡಿದ್ದೆ. ಹೊತ್ತು ಮುಳುಗಿತ್ತು, ಕ್ಯಾಮರಾ ತಾನಾಗಿಯೇ ಫ್ಲಾಷ್ ಹಾರಿಸಿತು. ಮನೆಗೆ ಬಂದು ನೋಡಿದರೆ ಕಲ್ಲೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಅಕ್ಷರ ಒಂದೂ ಮೂಡಿರಲಿಲ್ಲ. ಇನ್ನೊಮ್ಮೆ ಹೋದರಾಯಿತೆಂದು ಸುಮ್ಮನಾದೆ. ಎರಡು ವರ್ಷಗಳ ಮೇಲೆ ಹೋದಾಗ ಏರಿಗೆ ಹೊಸ ಮಣ್ಣು ಬಿದ್ದಿತ್ತು; ಕಲ್ಲು ಎಲ್ಲಿ ಅಡಗಿತೆಂದು ತೋರಿಸಬಲ್ಲವರು ಯಾರೂ ಇರಲಿಲ್ಲ.

ತಪ್ಪು ಯಂತ್ರದ್ದೆನ್ನುವುದಕ್ಕಿಂತ ನನ್ನ ಆಯ್ಕೆಯದು. ಕೆತ್ತಿದ ಅಕ್ಷರ ಕಾಣುವುದು ಅದರ ನೆರಳಿನಿಂದ. ಬೆಳಕು ಎದುರಿನಿಂದ ಬಿದ್ದರೆ ನೆರಳಿಗೆ ಎಡೆಯಿಲ್ಲ. ಓರೆಯಾಗಿ ಬಿದ್ದರೆ ಸವೆದ ಗೆರೆಯೂ ಎದ್ದು ನಿಲ್ಲುತ್ತದೆ. ಆದುದರಿಂದ ಶಾಸನ ಹುಡುಕುವವನಿಗೆ ಫ್ಲಾಷನ್ನು ಆರಿಸಿ, ಮಂದ ಬೆಳಕಿನಲ್ಲಿಯೂ ನಿರ್ಮಲವಾದ ಚಿತ್ರ ಕೊಡುವ ಕ್ಯಾಮರಾ ಬೇಕು. ಆ ಗುಣವಿರುವುದು ಬೆಳಕನ್ನು ಗ್ರಹಿಸುವ ಸೆನ್ಸರ್ ಎಂಬ ಫಲಕದಲ್ಲಿ ಮತ್ತು ಅದರ ಮುಂದಿನ ಮಸೂರದಲ್ಲಿ. ಅಗ್ಗದ ಕಾಂಪ್ಯಾಕ್ಟ್ ಕ್ಯಾಮರಾಗಳ ಫಲಕ ಸುಮಾರು 6 ಮಿಲಿಮೀಟರು ಅಗಲ, 4.5 ಮಿಲಿಮೀಟರು ಎತ್ತರ. ‘ಒಂದಿಂಚು’ ಎಂದು ಕರೆಯುವ ಫಲಕವಾದರೋ 13.2ಕ್ಕೆ 8.8, ವಿಸ್ತಾರದಲ್ಲಿ ನಾಲ್ಕು ಪಟ್ಟು. ಸೂರಿನ ಕೆಳಗೆ ಚೊಂಬಿಟ್ಟವನಿಗೂ ಹಂಡೆಯಿಟ್ಟವನಿಗೂ ಸಿಗುವ ಮಳೆನೀರಿನ ವ್ಯತ್ಯಾಸವನ್ನು ಓದುಗರೇ ಊಹಿಸಿಕೊಳ್ಳಬಹುದು. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್ 100 ಅಂಥ ಫಲಕವನ್ನೂ ಎಫ್ 1.8ರಷ್ಟು ಅಗಲವಾಗಿ ತೆರೆಯುವ ಮಸೂರವನ್ನೂ ಕಿಸೆಯೊಳಗೆ ತಂದಿತು.

“ಮೊಬೈಲ್ ಇದೆಯಲ್ಲ ಸಾರ್, ಇದ್ಯಾಕೆ?” ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಲೋಕವೆಲ್ಲ ಅದನ್ನೇ ಕೇಳಿದ್ದರಿಂದಲ್ಲವೆ, 2010ರಲ್ಲಿ ಹತ್ತು ಕೋಟಿಗೂ ಮಿಕ್ಕು ಕಾರ್ಖಾನೆಗಳಿಂದ ಹೊರಟ ಈ ಜಾತಿಯ ಕ್ಯಾಮರಾಗಳು 2023ರ ವೇಳೆಗೆ ಇಪ್ಪತ್ತು ಲಕ್ಷಕ್ಕಿಂತ ಕೆಳಗಿಳಿದದ್ದು! ಒಳ್ಳೆಯ ಮೊಬೈಲಿನ ಮುಖ್ಯ ಫಲಕವು ಇಂದು ಅಗ್ಗದ ಕ್ಯಾಮರಾದ್ದಕ್ಕಿಂತ ದೊಡ್ಡದು. ಮೊಬೈಲಿನಲ್ಲಿ ಆಗದ ಕೆಲಸವೊಂದು ನಮಗಿದ್ದರೆ ಮಾತ್ರ ಬೇರೆ ಕ್ಯಾಮರಾಕ್ಕೆ ಹಣ ಹಾಕುವುದು ಸರಿ.

ಆ ಕೆಲಸ ಯಾವುದೆಂಬುದನ್ನು ನನಗೆ ಕಲಿಸಿದ್ದು ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪಾಳೆಯಗಾರರ ಕಾಲದ ಪುಷ್ಕರಣಿಯಿದೆ. ಅದರ ಮೆಟ್ಟಿಲಸಾಲುಗಳನ್ನೂ ನಡುವಿನ ಮಂಟಪವನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಅಗಲವಾಗಿ ನೋಡುವ ಮಸೂರ ಬೇಕು. 24 ಮಿಲಿಮೀಟರಿನದಕ್ಕೆ ದಕ್ಕುವ ನೋಟ 35ರದಕ್ಕೆ ದಕ್ಕದು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದಲ್ಲಿ ಮಳೆಗಾಲದಲ್ಲಿ ನಿಂತವನಿಗೆ ನೀರೊಳಗೆ ಬಿದ್ದರೂ ಕೆಡದ ಕ್ಯಾಮರಾ ಪ್ರಿಯವಾಗುತ್ತದೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ, ಬೆಳಗುತ್ತಿಯ ಸಮೀಪದ ತೀರ್ಥರಾಮೇಶ್ವರಕ್ಕೆ ಹೋದರೆ ಮರಗಳ ದಟ್ಟ ನೆರಳು. ಅಲ್ಲಿ ದೊಡ್ಡ ಫಲಕದ ಬೆಲೆ ತಿಳಿಯುತ್ತದೆ. ಜಗಳೂರಿನ ರಂಗಯ್ಯನದುರ್ಗದ ಕಾಡಾದರೋ 2011ರಲ್ಲಿ ಅಭಯಾರಣ್ಯವಾದದ್ದು. ನಾಲ್ಕು ಕೊಂಬಿನ ಕೊಂಡುಕುರಿಗೆ ಆಶ್ರಯ. ಆ ನಾಚಿಕೆಯ ಪ್ರಾಣಿಯನ್ನು ದೂರದಿಂದ ಹಿಡಿಯಲು ಮೂವತ್ತು ಪಟ್ಟು ಹತ್ತಿರ ತರುವ ಮಸೂರ ಬೇಕು. ಅಷ್ಟು ನೀಳವಾದ ಮಸೂರ ಕಿಸೆಯಲ್ಲಿ ಹಿಡಿಯಬೇಕಾದರೆ ಫಲಕ ಚಿಕ್ಕದಾಗಲೇಬೇಕು. ನಾಲ್ಕನ್ನೂ ಒಂದರಲ್ಲಿ ಬೇಡುವವನಿಗೆ ಯಾವುದೂ ನೆಟ್ಟಗೆ ದೊರೆಯುವುದಿಲ್ಲ.

ಕೊಂಡುಕುರಿಯ ಆಸೆಯನ್ನು ನಾನು ಬಿಟ್ಟೆ. ಒಂದಿಂಚಿನ ಫಲಕದ, ಮೂರೋ ನಾಲ್ಕೋ ಪಟ್ಟು ಮಾತ್ರ ಹತ್ತಿರ ತರುವ ಹಳೆಯ ಕ್ಯಾಮರಾವೊಂದನ್ನು ಕೈ ಬದಲಿಸಿದ ದರಕ್ಕೆ ಕೊಂಡೆ. ಹಾಗೆ ಕೊಳ್ಳುವವರು ಮಸೂರ ತಡೆಯಿಲ್ಲದೆ ಹೊರಬಂದು ಒಳಸರಿಯುವುದೇ, ಬಿಳಿಗೋಡೆಯ ಚಿತ್ರದಲ್ಲಿ ಧೂಳಿನ ಕಲೆ ಕಾಣುವುದೇ, ಅದರ ಬ್ಯಾಟರಿ ಇನ್ನೂ ಅಂಗಡಿಯಲ್ಲಿ ದೊರೆಯುವುದೇ ಎಂಬ ಮೂರನ್ನು ನೋಡಿಕೊಳ್ಳಬೇಕು. ಈಗ ನಾವು ಮುಂಜಾನೆಯ ಓರೆ ಬಿಸಿಲಿಗೆ ಕಲ್ಲಿನ ಬಳಿ ಸೇರುತ್ತೇವೆ. ಬಿಸಿಲು ತಪ್ಪಿದರೆ ವಿದ್ಯಾರ್ಥಿಯೊಬ್ಬ ಟಾರ್ಚನ್ನು ಮಗ್ಗುಲಿನಿಂದ ಹಿಡಿಯುತ್ತಾನೆ. ಮುಕ್ಕಾಲಿಯ ಮೇಲಿಟ್ಟ ಕ್ಯಾಮರಾ ಸದ್ದಿಲ್ಲದೆ ಅಕ್ಷರಗಳನ್ನು ಹೆಕ್ಕುತ್ತದೆ. ಆ ಸಂಜೆಯೇ ಚಿತ್ರಗಳನ್ನು ಎರಡು ಕಡೆ ನಕಲು ಮಾಡಿ, ಊರು, ಜಾಗ, ದಿನಾಂಕ ಬರೆದಿಟ್ಟ ಬಳಿಕವೇ ನಮಗೆ ಊಟ.

ಆ ಕೆರೆಯ ಏರಿಯ ಮೇಲೆ ಹೋಗುವಾಗ ಇಂದಿಗೂ ಒಂದು ಗಳಿಗೆ ನಿಲ್ಲುತ್ತೇನೆ. ನಾಲ್ಕು ಸಾಲಿನಲ್ಲಿ ಯಾರ ಹೆಸರಿತ್ತೋ, ಯಾವ ತುರುಗಾಳಗದಲ್ಲಿ ಮಡಿದವನೋ! ನನ್ನ ಬಳಿ ಉಳಿದಿರುವುದು ಒಂದು ಬಿಳಿಯ ಚಿತ್ರ.