ಪ್ರತಿನಾಯಕನ ಪಾತ್ರಚಿತ್ರಣ

ನಾಯಕನಿರುವ ಕಥೆಗೆ ಅವನನ್ನು ಎದುರಿಸುವ ಪ್ರತಿನಾಯಕನೂ ಅವಶ್ಯಕ. ಎದುರಾಳಿ ಟೊಳ್ಳಾದರೆ ನಾಯಕನ ಗೆಲುವಿಗೆ ಬೆಲೆಯಿಲ್ಲ. ಕಾಮಿಕ್ಸ್ ಎಂದು ಕರೆಯಲಾಗುವ ಚಿತ್ರಕಥೆಗಳಲ್ಲಿ ಈ ಪಾತ್ರವನ್ನು ರೂಪಿಸುವುದು ಸುಲಭವೆಂದು ತೋರುತ್ತದೆ. ವಿಕಾರವಾದ ಮುಖ, ಗಾಯದ ಕಲೆ, ಕುಂಟುವ ಕಾಲು, ಪರದೇಶದ ಉಡುಪು ಇಷ್ಟನ್ನು ಬರೆದರೆ ಓದುಗನು ಅವನನ್ನು ಕೂಡಲೆ ದುಷ್ಟನೆಂದು ಗುರುತಿಸುತ್ತಾನೆ. ಆದರೆ ಈ ಸುಲಭೋಪಾಯದಲ್ಲಿ ಅಪಾಯವೊಂದು ಅಡಗಿದೆ.

1934ರಲ್ಲಿ ಅಮೆರಿಕದ ವೃತ್ತಪತ್ರಿಕೆಗಳಲ್ಲಿ ಚಿತ್ರಕಾರ ಅಲೆಕ್ಸ್ ರೇಮಂಡ್ ರಚಿಸಿದ ‘ಫ್ಲಾಷ್ ಗಾರ್ಡನ್’ ಎಂಬ ಚಿತ್ರಕಥೆ ಆರಂಭವಾಯಿತು. ಅದರ ಪ್ರತಿನಾಯಕನಾದ ಮಿಂಗ್ ಒಂದು ಕಲ್ಪಿತ ಗ್ರಹದ ಚಕ್ರವರ್ತಿ. ಅನ್ಯಗ್ರಹದವನಾದರೂ ಅವನಿಗೆ ಚೀನೀಯರ ಹೆಸರು, ಇಳಿಬಿದ್ದ ಮೀಸೆ, ಹಳದಿ ಮೈಬಣ್ಣ! ಏಷ್ಯದ ಜನರನ್ನು ಕುರಿತ ಭಯ ತಿರಸ್ಕಾರಗಳು ಆಗ ಅಮೆರಿಕದಲ್ಲಿ ಹರಡಿದ್ದುವು. 1924ರ ಕಾನೂನೊಂದು ಅವರ ವಲಸೆಯನ್ನು ಬಹುಮಟ್ಟಿಗೆ ತಡೆದಿತ್ತು. ಕಥೆಯು ಆ ಭಯವನ್ನೇ ಎರವಲು ಪಡೆಯಿತು. ಇಂಥ ಕಥೆಯನ್ನೋದಿದ ಬಾಲಕನು ದುಷ್ಕೃತ್ಯವನ್ನಲ್ಲ, ಮುಖವನ್ನು ದ್ವೇಷಿಸಲು ಕಲಿಯುತ್ತಾನೆ. ಅಂಥ ಮುಖವುಳ್ಳ ನಿರಪರಾಧಿಯಾದ ನೆರೆಯವನು ಆ ದ್ವೇಷಕ್ಕೆ ಗುರಿಯಾಗಬಹುದು.

ಇದಕ್ಕೆ ಬೇರೆ ಮಾರ್ಗವಿದೆ. ಸ್ಟಾನ್ ಲೀ ಮತ್ತು ಜಾಕ್ ಕರ್ಬಿ 1963ರಲ್ಲಿ ಆರಂಭಿಸಿದ ‘ಎಕ್ಸ್‌-ಮೆನ್’ ಕಥಾಮಾಲೆಯಲ್ಲಿ ಮ್ಯಾಗ್ನಿಟೋ ಎಂಬ ಪ್ರತಿನಾಯಕನಿದ್ದಾನೆ. ಹುಟ್ಟಿನಿಂದಲೇ ಅಸಾಮಾನ್ಯ ಶಕ್ತಿಯನ್ನು ಪಡೆದು, ಅದಕ್ಕಾಗಿಯೇ ಸಮಾಜದ ದ್ವೇಷಕ್ಕೆ ಪಾತ್ರರಾದ ಜನರಲ್ಲಿ ಅವನೊಬ್ಬ. ಮೊದಮೊದಲು ಅವನೂ ಕೇವಲ ಅಧಿಕಾರದಾಹಿ. 1964ರಲ್ಲಿ ಅವನು ಕಟ್ಟಿದ ತಂಡದ ಹೆಸರಿನಲ್ಲಿಯೇ ‘ದುಷ್ಟ’ ಎಂಬ ಮಾತು ಸೇರಿತ್ತು. ತನ್ನನ್ನು ತಾನೇ ದುಷ್ಟನೆಂದು ಕರೆದುಕೊಳ್ಳುವವರು ಲೋಕದಲ್ಲಿ ಎಷ್ಟು ಮಂದಿ?

1981ರಲ್ಲಿ ಲೇಖಕ ಕ್ರಿಸ್ ಕ್ಲೇರ್‌ಮಾಂಟ್ ಈ ಪಾತ್ರಕ್ಕೆ ಒಂದು ಪೂರ್ವವೃತ್ತಾಂತವನ್ನು ಕೊಟ್ಟರು. ಮ್ಯಾಗ್ನಿಟೋ ನಾಟ್ಸಿಗಳ ಔಷ್‌ವಿಟ್ಜ್ ಮರಣಶಿಬಿರದಲ್ಲಿ ಬೆಳೆದವನು. ತನ್ನವರನ್ನೆಲ್ಲ ಅಲ್ಲಿ ಕಳೆದುಕೊಂಡವನು. ತನ್ನಂಥ ಶಕ್ತಿಯುಳ್ಳವರಿಗೂ ಅದೇ ಗತಿಯಾದೀತೆಂಬುದು ಅವನ ಭೀತಿ. ಅದನ್ನು ತಪ್ಪಿಸಲು ಅವನು ಜಗತ್ತನ್ನೇ ಆಳಬಯಸುತ್ತಾನೆ. ಜಲಾಂತರ್ಗಾಮಿಯೊಂದನ್ನು ನಾವಿಕರ ಸಮೇತ ಮುಳುಗಿಸುತ್ತಾನೆ. ಕಡೆಗೆ ತನ್ನ ಏಟಿಗೆ ಉರುಳಿದ ಎಳೆಯ ಹುಡುಗಿಯೊಬ್ಬಳು ಸತ್ತಳೆಂದು ಭಾವಿಸಿ ತತ್ತರಿಸುತ್ತಾನೆ. ಅವಳು ಅವನು ಕಾಪಾಡಬಯಸಿದ ಜನರಲ್ಲಿಯೇ ಒಬ್ಬಳು.

ಇಲ್ಲಿ ಓದುಗನಿಗೆ ಅವನ ನೋವು ಅರ್ಥವಾಗುತ್ತದೆ. ಆದರೆ ಅವನ ಕೃತ್ಯ ಒಪ್ಪಿಗೆಯಾಗುವುದಿಲ್ಲ. ಕಾರಣವನ್ನು ತಿಳಿಸುವುದು ಬೇರೆ, ಕ್ಷಮಿಸುವುದು ಬೇರೆ. ಕೆಡುಕು ಮೈಬಣ್ಣದಿಂದಾಗಲಿ ಅಂಗವೈಕಲ್ಯದಿಂದಾಗಲಿ ಹುಟ್ಟುವುದಿಲ್ಲ. ಮನುಷ್ಯನು ಆರಿಸಿಕೊಂಡ ದಾರಿಯಿಂದ ಹುಟ್ಟುತ್ತದೆ. ಆ ಆಯ್ಕೆಯ ಗಳಿಗೆಯನ್ನು ತೋರಿಸುವ ಲೇಖಕನ ಪ್ರತಿನಾಯಕನು ನಂಬಲರ್ಹನಾಗುತ್ತಾನೆ. ಅವನನ್ನು ಕಂಡ ಓದುಗನು ತನ್ನ ಆಯ್ಕೆಗಳನ್ನೂ ಪರೀಕ್ಷಿಸಿಕೊಳ್ಳುತ್ತಾನೆ.