ಗಲ್ಲೆಯ ಕಂಪ್ಯೂಟರಿನಲ್ಲಿ ‘ಹೈಬರ್ನೇಟ್’ ಕಾಣೆಯಾದರೆ ಏನು ಮಾಡಬೇಕು?



ಹಿಂದೆ ನಮ್ಮ ಹೋಟೆಲುಗಳ ಗಲ್ಲೆಯಲ್ಲಿ ಒಂದು ಬಿಲ್ ಬುಕ್, ಒಂದು ಕಾರ್ಬನ್ ಪೇಪರ್, ಒಂದು ಚಿಲ್ಲರೆ ಡಬ್ಬಿ ಇದ್ದರೆ ವ್ಯಾಪಾರ ನಡೆಯುತ್ತಿತ್ತು. ಕರೆಂಟ್ ಹೋದರೆ ಮೇಣದಬತ್ತಿ ಹಚ್ಚಿದರಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಕಾಲ ಬದಲಾಯಿತು. ಬಿಲ್ಲಿನ ನಂಬರು ಒಂದರ ಹಿಂದೆ ಒಂದು ಸರಿಯಾಗಿ ಬರಬೇಕು, ತಿಂಗಳ ಕೊನೆಗೆ ಲೆಕ್ಕ ತಾಳೆಯಾಗಬೇಕು. ಹಾಗಾಗಿ ಥಾಣೆ, ಡೊಂಬಿವಲಿ, ಕಲ್ಯಾಣದ ಸಣ್ಣ ಉಪಾಹಾರಗೃಹದಿಂದ ಹಿಡಿದು ನವಿಮುಂಬಯಿಯ ದೊಡ್ಡ ರೆಸ್ಟೋರೆಂಟಿನವರೆಗೆ ಎಲ್ಲ ಕಡೆ ಕಂಪ್ಯೂಟರ್ ಬಂದು ಕುಳಿತಿದೆ. ಗ್ರೈಂಡರ್ ಕೆಟ್ಟರೆ ನಮಗೆ ಸದ್ದಿನಲ್ಲೇ ತಿಳಿಯುತ್ತದೆ. ಆದರೆ ಕಂಪ್ಯೂಟರ್ ಕೆಟ್ಟರೆ ರಿಪೇರಿಯವನು ಹೇಳಿದ್ದೇ ವೇದವಾಕ್ಯ. ನಾವು ಓದಿದ್ದು ಹತ್ತನೆಯ ತರಗತಿಯವರೆಗೆ ಮಾತ್ರ. ಆದರೂ ಪೆಟ್ಟು ತಿಂದು ಕಲಿತ ಒಂದು ಪಾಠವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ನಡೆದದ್ದು ಇಷ್ಟು

2020ರ ಅಕ್ಟೋಬರ್ 12, ಸೋಮವಾರ ನಿಮಗೆಲ್ಲ ನೆನಪಿರಬಹುದು. ಕೊರೊನಾ ಬೀಗ ತೆಗೆದು ಅಕ್ಟೋಬರ್ 5ರಿಂದ ತಾನೇ ಗಿರಾಕಿಗಳನ್ನು ಕೂರಿಸಿ ಬಡಿಸಲು ಸರಕಾರ ಅನುಮತಿ ಕೊಟ್ಟಿತ್ತು. ಅಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಮುಂಬಯಿ, ಥಾಣೆ, ನವಿಮುಂಬಯಿಯಲ್ಲಿ ಒಮ್ಮೆಲೇ ಕರೆಂಟ್ ಹೋಯಿತು. ಲೋಕಲ್ ರೈಲುಗಳೂ ನಿಂತವು. ಥಾಣೆಯ ನಮ್ಮ ಹೋಟೆಲಿನಲ್ಲಿ ಯುಪಿಎಸ್ ಸ್ವಲ್ಪ ಹೊತ್ತು ತಡೆಯಿತು. ಬ್ಯಾಟರಿ ಇಳಿದಾಗ ಕಂಪ್ಯೂಟರ್ ತಾನಾಗಿಯೇ ಮಲಗಿತು. ಕರೆಂಟ್ ಬಂದ ಮೇಲೆ ಬಟನ್ ಒತ್ತಿದರೆ ಅರ್ಧ ಬರೆದ ಪಾರ್ಸೆಲ್ ಬಿಲ್ಲು ಹಾಗೆಯೇ ಪರದೆಯ ಮೇಲಿತ್ತು. ಅದು ಹೈಬರ್ನೇಟ್ ಮಾಡಿದ ಉಪಕಾರ ಎಂದು ಆಗ ನಮಗೆ ಗೊತ್ತಿರಲಿಲ್ಲ.

2024ರ ಮಳೆಗಾಲದಲ್ಲಿ ಕಂಪ್ಯೂಟರಿನ ‘ಸಿ’ ಡ್ರೈವ್ ತುಂಬಿತು. ರಿಪೇರಿಯವನನ್ನು ಕರೆಸಿ “ಹೇಗಾದರೂ ಜಾಗ ಮಾಡಿಕೊಡು” ಎಂದೆವು. ಅರ್ಧ ಗಂಟೆಯಲ್ಲಿ ಮೂರು ಜಿಬಿಯಷ್ಟು ಜಾಗ ಮಾಡಿ ಹೋದ. ಮರುದಿನದಿಂದ ಬೆಳಿಗ್ಗೆ ಆರಕ್ಕೆ ಕಂಪ್ಯೂಟರ್ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯತೊಡಗಿತು. ಮೊದಲ ಇಡ್ಲಿ ಗಿರಾಕಿ ಬಂದರೂ ಪರದೆ ಕಪ್ಪು. ಗಲ್ಲೆಯ ಹುಡುಗ ತಡವಾಗಿ ಏಳುತ್ತಾನೆಂದು ಬೈದೆವು.

ವಾರದೊಳಗೆ ಊಟದ ಹೊತ್ತಿನಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಮುಗಿಯುತ್ತಲೇ ಕಂಪ್ಯೂಟರ್ ಧೊಪ್ಪೆಂದು ನಿಂತಿತು. ಮತ್ತೆ ಹಚ್ಚಿದರೆ ಬಿಲ್ಲಿನ ಫೈಲ್ ತೆರೆಯಲೇ ಇಲ್ಲ. ಎರಡು ಗಂಟೆ ಕೈಯಲ್ಲಿ ಬಿಲ್ ಬರೆದು, ರಾತ್ರಿ ಒಂದು ಗಂಟೆಯವರೆಗೆ ಕೆಒಟಿ ಚೀಟಿಗಳನ್ನು ಜೋಡಿಸಿದೆವು. “ಪ್ಲಗ್ ಎಳೆದದ್ದು ನೀನೇ” ಎಂದು ಎಲ್ಲರೆದುರು ಹುಡುಗನ ಮೇಲೆ ರೇಗಿ, ನಾಳೆಯಿಂದ ಬರಬೇಡ ಎಂದೂ ಹೇಳಿಬಿಟ್ಟೆವು. ಅವನು “ಅಣ್ಣಾ, ನಾನು ಮುಟ್ಟಲೇ ಇಲ್ಲ” ಎಂದದ್ದು ನಮ್ಮ ಕಿವಿಗೆ ಹೋಗಲಿಲ್ಲ.

ರಾತ್ರಿ ಡೊಂಬಿವಲಿಯ ನಮ್ಮ ಭಾವನ ಮಗ ಬಂದು ನೋಡಿದ. ಜಾಗ ಮಾಡಲು ರಿಪೇರಿಯವನು ಹೈಬರ್ನೇಟ್ ಆಫ್ ಮಾಡಿದ್ದ. ಬೆಳಗಿನ ತಡಕ್ಕೂ, ಮಧ್ಯಾಹ್ನದ ನಷ್ಟಕ್ಕೂ ಅದೊಂದೇ ಕಾರಣ.

ನಾಲ್ಕು ಪದಗಳ ಅರ್ಥ

ಶಟ್‌ಡೌನ್ ಎಂದರೆ ಒಲೆ ಆರಿಸಿ, ಪಾತ್ರೆ ತೊಳೆದಿಟ್ಟು ಬೀಗ ಹಾಕಿದ ಹಾಗೆ. ಸ್ಲೀಪ್ ಎಂದರೆ ಸಾಂಬಾರನ್ನು ಸಣ್ಣ ಉರಿಯಲ್ಲಿ ಇಟ್ಟ ಹಾಗೆ. ಕರೆಂಟ್ ಪೂರ್ತಿ ಹೋದರೆ ಉಳಿಸದೇ ಇದ್ದ ಕೆಲಸ ಹೋಯಿತು. ಹೈಬರ್ನೇಟ್ ಎಂದರೆ ನಡೆಯುತ್ತಿರುವ ಕೆಲಸವನ್ನೆಲ್ಲ ಇದ್ದ ಹಾಗೆಯೇ ಡಿಸ್ಕಿನಲ್ಲಿ ಬರೆದಿಟ್ಟು ಮಲಗುವುದು. ಆ ಮೇಲೆ ಕರೆಂಟ್ ಇಲ್ಲದಿದ್ದರೂ ಭಯವಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂದರೆ ರಾತ್ರಿಯೇ ಹಿಟ್ಟು ರುಬ್ಬಿಟ್ಟ ಹಾಗೆ. ನಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ವಿಂಡೋಸಿನ ಮುಖ್ಯ ಭಾಗವನ್ನು ಡಿಸ್ಕಿನಲ್ಲಿ ಇಟ್ಟುಕೊಂಡು ಬೆಳಿಗ್ಗೆ ಬೇಗ ಏಳುತ್ತದೆ.

ಹೈಬರ್ನೇಟ್, ಫಾಸ್ಟ್ ಸ್ಟಾರ್ಟಪ್ ಎರಡೂ ಬಳಸುವುದು ‘ಹೈಬರ್‌ಫಿಲ್’ ಎಂಬ ಒಂದೇ ಫೈಲನ್ನು. ಅದು ಸಾಮಾನ್ಯವಾಗಿ ರ್‍ಯಾಮಿನ ಶೇ. 40ರಷ್ಟು ಜಾಗ ಹಿಡಿಯುತ್ತದೆ. 8 ಜಿಬಿ ರ್‍ಯಾಮ್ ಇದ್ದರೆ ಸುಮಾರು 3.2 ಜಿಬಿ. ಹೈಬರ್ನೇಟ್ ಆಫ್ ಮಾಡಿದರೆ ಆ ಫೈಲ್ ಅಳಿದು ಜಾಗವೇನೋ ಸಿಗುತ್ತದೆ, ಆದರೆ ಎರಡೂ ಸೌಕರ್ಯಗಳು ಒಟ್ಟಿಗೆ ಮಾಯವಾಗುತ್ತವೆ.

ಹುಡುಕುವುದು ಹೇಗೆ?

1. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ನಂತರ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಒತ್ತಿ. ಮೇಲ್ಗಡೆ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೇಲೆಬಲ್’ ಎಂಬ ಸಾಲು ಇರುತ್ತದೆ. ಅದನ್ನು ಒತ್ತದಿದ್ದರೆ ಕೆಳಗಿನ ಚೌಕಗಳು ಮಸುಕಾಗಿಯೇ ಇರುತ್ತವೆ. ಹೈಬರ್ನೇಟ್ ಅಲ್ಲಿದ್ದರೆ ಟಿಕ್ ಮಾಡಿ ಸೇವ್ ಮಾಡಿದರೆ ಸಾಕು.

2. ಅಲ್ಲಿ ಎರಡೂ ಇಲ್ಲದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ‘ಸಿಎಂಡಿ’ ಎಂದು ಹುಡುಕಿ, ರೈಟ್ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಒತ್ತಿ. ಕಪ್ಪು ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಪಿ-ಒ-ಡಬ್ಲ್ಯು-ಇ-ಆರ್-ಸಿ-ಎಫ್-ಜಿ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ ಮತ್ತು ‘ಎ’ ಅಕ್ಷರ ಹಾಕಿ ಎಂಟರ್ ಒತ್ತಿ. ಯಾವ ಸೌಕರ್ಯ ಇದೆ, ಯಾವುದು ಇಲ್ಲ, ಯಾಕೆ ಇಲ್ಲ ಎಂದು ಕಂಪ್ಯೂಟರೇ ಹೇಳುತ್ತದೆ.

3. ‘ಹೈಬರ್ನೇಶನ್ ಹ್ಯಾಸ್ ನಾಟ್ ಬೀನ್ ಎನೇಬಲ್ಡ್’ ಎಂದು ಬಂದರೆ ಅದೇ ಎಂಟು ಅಕ್ಷರ ಬರೆದು, ಜಾಗ ಬಿಟ್ಟು, ಓರೆಗೆರೆ ಮತ್ತು ‘ಎಚ್’, ಮತ್ತೆ ಜಾಗ ಬಿಟ್ಟು ‘ಆನ್’ ಎಂದು ಬರೆದು ಎಂಟರ್ ಒತ್ತಿ. ಏನೂ ಸಂದೇಶ ಬಾರದಿದ್ದರೆ ಕೆಲಸ ಆಯಿತೆಂದೇ ಅರ್ಥ. ಪುನಃ ಮೊದಲ ಹೆಜ್ಜೆಗೆ ಹೋಗಿ ನೋಡಿ.

4. ಫಾಸ್ಟ್ ಸ್ಟಾರ್ಟಪ್ ಇದ್ದು ಹೈಬರ್ನೇಟ್ ಮಾತ್ರ ಇಲ್ಲದಿದ್ದರೆ ಯಾರೋ ಆ ಫೈಲನ್ನು ಚಿಕ್ಕದು ಮಾಡಿರಬಹುದು. ಅದೇ ಎಂಟು ಅಕ್ಷರ, ಓರೆಗೆರೆ-ಎಚ್, ಓರೆಗೆರೆ-ಟೈಪ್, ಫುಲ್ ಎಂದು ನಡುನಡುವೆ ಜಾಗ ಬಿಟ್ಟು ಬರೆದರೆ ಪೂರ್ತಿ ಅಳತೆಗೆ ಬರುತ್ತದೆ.

5. ಆಗಲೂ ಬಾರದಿದ್ದರೆ ಗ್ರಾಫಿಕ್ಸ್ ಡ್ರೈವರ್ ಸರಿಯಾಗಿ ಕೂರದಿರಬಹುದು, ಅಥವಾ ಬಯೋಸಿನಲ್ಲಿ ಬಂದ್ ಆಗಿರಬಹುದು. ಇದು ಜಾಣ ರಿಪೇರಿಯವನ ಕೆಲಸ. ಆದರೆ ಎರಡನೆಯ ಹೆಜ್ಜೆಯಲ್ಲಿ ಬಂದ ಉತ್ತರವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿ. ಸುಮ್ಮನೆ ವಿಂಡೋಸ್ ಪೂರ್ತಿ ಬದಲಿಸುವ ಖರ್ಚು ಉಳಿಯಬಹುದು.

ಹಳೆಯ ವಿಂಡೋಸ್ 7 ಇರುವವರು ಫಾಸ್ಟ್ ಸ್ಟಾರ್ಟಪ್ ಹುಡುಕಿ ದಣಿಯಬೇಡಿ. ಅದು ಬಂದದ್ದೇ 2012ರ ವಿಂಡೋಸ್ 8ರಿಂದ.

ಹೋಟೆಲಿನವರು ಗಮನಿಸಬೇಕಾದದ್ದು

ಯುಪಿಎಸ್‌ನಿಂದ ಕಂಪ್ಯೂಟರಿಗೆ ಯುಎಸ್‌ಬಿ ವೈರ್ ಹಾಕುವ ಸೌಕರ್ಯ ಇರುವುದನ್ನೇ ಕೊಳ್ಳಿ. ವೈರ್ ಹಾಕಿದರೆ ಲ್ಯಾಪ್‌ಟಾಪಿನ ಹಾಗೆ ಬ್ಯಾಟರಿಯ ಗುರುತು ಬರುತ್ತದೆ. ಪವರ್ ಆಪ್ಷನ್ಸಿನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ‘ಕ್ರಿಟಿಕಲ್ ಬ್ಯಾಟರಿ ಆ್ಯಕ್ಷನ್’ ಎಂಬಲ್ಲಿ ಹೈಬರ್ನೇಟ್ ಆರಿಸಿ. ವೈರ್ ಇಲ್ಲದ ಯುಪಿಎಸ್ ಆದರೆ, ಬೀಪ್ ಶಬ್ದ ಜೋರಾದ ಕೂಡಲೇ ಕೈಯಿಂದಲೇ ಹೈಬರ್ನೇಟ್ ಮಾಡಲು ಹುಡುಗರಿಗೆ ಕಲಿಸಿ. ಡಿಸ್ಕಿನಲ್ಲಿ ಬರೆಯಲು ಸ್ವಲ್ಪ ಸಮಯ ಬೇಕು, ಆದ್ದರಿಂದ ಬ್ಯಾಟರಿ ಕೊನೆ ಉಸಿರಿನವರೆಗೆ ಕಾಯಬೇಡಿ.

ಎರಡು-ಮೂರು ಕೌಂಟರುಗಳು ಒಂದೇ ಮುಖ್ಯ ಕಂಪ್ಯೂಟರಿಗೆ ಜೋಡಿಸಿದ್ದರೆ ಮೊದಲು ಉಳಿದ ಕೌಂಟರುಗಳನ್ನು ಮುಚ್ಚಿ, ಮುಖ್ಯದ್ದನ್ನು ಕೊನೆಗೆ ಮಲಗಿಸಿ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಬೆಳಿಗ್ಗೆ ಬಿಲ್ ಪ್ರಿಂಟರ್ ಸಿಗದಿದ್ದರೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ತೆರೆಯುತ್ತದೆ. ವಾರಕ್ಕೊಮ್ಮೆಯಾದರೂ ರೀಸ್ಟಾರ್ಟ್ ಇರಲಿ. ಜಾಗ ಸಾಲದಿದ್ದರೆ ಹೈಬರ್ನೇಟ್ ತೆಗೆಯಬೇಡಿ, ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಬೇಗ ತೆರೆಯುವುದಕ್ಕೂ ಅದೇ ಒಳ್ಳೆಯ ಮದ್ದು. ಮತ್ತೊಂದು ಮಾತು: ಹೈಬರ್ನೇಟ್ ಎಂದರೆ ಬ್ಯಾಕಪ್ ಅಲ್ಲ. ರಾತ್ರಿ ಗಲ್ಲೆ ಮುಚ್ಚುವಾಗ ದಿನದ ಲೆಕ್ಕವನ್ನು ಪೆನ್ ಡ್ರೈವಿಗೆ ಹಾಕಿಕೊಳ್ಳಲೇಬೇಕು.

ರಿಪೇರಿಯವನು ಹೊರಡುವ ಮೊದಲು “ಏನೇನು ಬದಲಿಸಿದೆ?” ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆಸಿಕೊಳ್ಳುವ ಪದ್ಧತಿಯನ್ನು ನಾವು ಈಗ ಇಟ್ಟುಕೊಂಡಿದ್ದೇವೆ. ಅಂದು ಅದೊಂದು ಸಾಲು ಇದ್ದಿದ್ದರೆ ನಾವು ಆ ಹುಡುಗನನ್ನು ಬೈಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವನು ಚೀಲ ಕಟ್ಟಿಕೊಂಡು ಊರಿಗೆ ಹೊರಟು ನಿಂತಿದ್ದ. “ತಪ್ಪು ನಮ್ಮದು ಮಾರಾಯ, ಚೀಲ ಒಳಗಿಡು” ಎಂದು ಎಲ್ಲರೆದುರೇ ಹೇಳಿದೆವು. ಇಂದು ನಮ್ಮ ಗಲ್ಲೆಯ ಕಂಪ್ಯೂಟರ್ ನೋಡಿಕೊಳ್ಳುವವನು ಅವನೇ.